ಹದಿನೆಂಟರಿಂದ ಇನ್ನೂರು

ಮೈಸೂರಿನ ಒಂದು ಗಲ್ಲಿಯಲ್ಲಿ ಕೊಂಡದ್ದು,
ಸೆಕೆಂಡ್‌ಹ್ಯಾಂಡ್, ಒಂಬತ್ತೂವರೆ ಸಾವಿರಕ್ಕೆ.
ಮುಚ್ಚಳ ಮಾತ್ರ ಬೇರೆ ಕಂಪನಿಯದು.
"ಇದೊಂದಿದ್ದರೆ ಸಾಕು ಸಾರ್,
ಬೆಟ್ಟವೂ ಬರುತ್ತೆ,
ಬೆಟ್ಟದ ಮೇಲಿನ ಜಿಗಣೆಯೂ ಬರುತ್ತೆ."

ಅಂಕಿ ಓದುವುದು ನನ್ನ ಕಸುಬು.
ನಾಪೋಕ್ಲು ಕಡೆಯ ಮೀಟರ್ ರೀಡರ್;
ಕಕ್ಕಬ್ಬೆ, ಕುಂಜಿಲ, ಯವಕಪಾಡಿ.
ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ
ಒಂದು ಗುಡ್ಡ, ಎರಡು ತೋಡು, ಮೂರು ನಾಯಿ.
ಈ ಲೆನ್ಸಿನ ಕೊರಳಲ್ಲೂ ಅಂಕಿಗಳಿವೆ:
ಹದಿನೆಂಟು, ಮೂವತ್ತೈದು, ಐವತ್ತು,
ನೂರಮೂವತ್ತೈದು, ಇನ್ನೂರು.
ಯಾರೂ ಬಿಲ್ಲು ಕೇಳದ ಅಂಕಿಗಳು.

ವಿರಾಜಪೇಟೆಯ ಸ್ಟುಡಿಯೋದ ಹಂಸಾಕ್ಕ
ಅದನ್ನು ಬೆಳಕಿಗೆ ಹಿಡಿದು ನೋಡಿ ನಕ್ಕರು:
"ಎಲ್ಲ ಮನೆಗೂ ನೆಂಟ ಇದು,
ಯಾವ ಮನೆಯಲ್ಲೂ ಹೊಟ್ಟೆ ತುಂಬ ಊಟವಿಲ್ಲ."
ಸುಳ್ಳಲ್ಲ.
ಹದಿನೆಂಟರಲ್ಲಿ ಐನ್‌ಮನೆಯ ಕಂಬಗಳು
ಉಂಡ ಮಾವಂದಿರಂತೆ ಹೊಟ್ಟೆ ಮುಂದೆ ಮಾಡುತ್ತವೆ.
ಇನ್ನೂರರಲ್ಲಿ ಮಂಗಟ್ಟೆಯ ಕೊಕ್ಕು
ಬೆಣ್ಣೆಯಲ್ಲಿ ಮಾಡಿದ ಹಾಗೆ.
ನೆಲದ ಕಡೆ ಬಗ್ಗಿಸಿದರೆ ಸಾಕು,
ಆಮೆಯ ತಲೆಯಂತೆ ತಾನೇ ಜಾರಿ ಈಚೆ ಬರುತ್ತದೆ;
ಬಿಲ್ಲಿನ ಕಟ್ಟಿನ ರಬ್ಬರ್ ಬ್ಯಾಂಡು ಸುತ್ತಿದ್ದೇನೆ.

ಕಕ್ಕಡದ ತಿಂಗಳು ಗಾಜಿಗೂ ಬೂಸು.
ಬಿಸ್ಕತ್ತಿನ ಡಬ್ಬದೊಳಗೆ ಅದನ್ನು ಮಲಗಿಸಿ
ಹದಿನೈದು ವ್ಯಾಟಿನ ಬಲ್ಬು ಹಚ್ಚಿಡುತ್ತೇನೆ.
ತಿಂಗಳಿಗೆ ಹನ್ನೊಂದು ಯೂನಿಟ್ಟು.
ನನ್ನ ಮನೆಯ ಮೀಟರನ್ನೂ ನಾನೇ ಓದಬೇಕಲ್ಲ,
ಮುಖ ತಿರುಗಿಸಲಾಗುವುದಿಲ್ಲ.

ಆದರೂ ಹೇಳುತ್ತೇನೆ:
ತಡಿಯಂಡಮೋಳಿನ ನೆತ್ತಿಯ ಹತ್ತಿರ
ನಾಲ್ಕು ಲೆನ್ಸಿನ ಚೀಲ ಹೊತ್ತ ಒಬ್ಬ
ಒಂದನ್ನು ಕಳಚಿ, ಒಂದನ್ನು ಬಾಯಲ್ಲಿ ಕಚ್ಚಿ,
ಗಾಳಿಗೆ ಬೆನ್ನು ಕೊಟ್ಟು ಕೂತಿದ್ದಾಗ
ಕಣಿವೆಯಿಂದ ಹದ್ದೊಂದು ಎದ್ದು
ನಮ್ಮ ಮೂಗಿನ ನೇರಕ್ಕೆ ಬಂತು.
ಹಿಂದೆಯೇ ಮಂಜು.
ನನ್ನ ಪಟದಲ್ಲಿ ಇರುವುದು ರೆಕ್ಕೆಯೋ, ಮಂಜಿನ ಸೆರಗೋ,
ಇವತ್ತಿಗೂ ಗೊತ್ತಿಲ್ಲ.
ಅವನ ಹತ್ತಿರ ಅದೂ ಇಲ್ಲ.

ಡಿಸೆಂಬರಿನಲ್ಲಿ ಒಂದು ರಾತ್ರಿ
ಕಂಪ್ಯೂಟರಿನ ಮುಂದೆ ವರ್ಷದ ಲೆಕ್ಕ ಹಾಕಿದೆ.
ಕಸುಬಿನ ಚಟ.
ಹದಿನೆಂಟರಲ್ಲಿ ಸಾವಿರದ ಇನ್ನೂರು ಪಟ.
ಇನ್ನೂರರಲ್ಲಿ ಸಾವಿರದ ಏಳುನೂರು ಚಿಲ್ಲರೆ.
ಐವತ್ತರ ಆಸುಪಾಸಿನಲ್ಲಿ ಒಂಬತ್ತು;
ಅವೂ ತಿರುಗಿಸುವಾಗ ಬೆರಳು ಜಾರಿ ಆದವು.
ಒಂದೋ ಇಡೀ ಬೆಟ್ಟ, ಇಲ್ಲವೇ ಹಕ್ಕಿಯ ಕಣ್ಣು.
ನಡುವೆ,
ಮನುಷ್ಯರು ನಿಂತು ಮಾತಾಡುವಷ್ಟು ದೂರದಲ್ಲಿ,
ಪುಸ್ತಕದಲ್ಲಿ ನಾನು ಬರೆಯುತ್ತೇನಲ್ಲ, ಹಾಗೆ:
ಡೋರ್ ಲಾಕ್.

ಜನವರಿ. ಕಾಫಿ ಕುಯ್ಲು.
ಬೋಜಮ್ಮನ ಜೇನಿನ ಅಂಗಡಿ ರಸ್ತೆಯ ಆಚೆ,
ನಾನು ಈಚೆ, ಮೋರಿಯ ಕಟ್ಟೆಯ ಮೇಲೆ,
ಇನ್ನೂರಕ್ಕೆ ಎಳೆದು ನಿಂತಿದ್ದೆ.
ಬಿಳಿ ಬಟ್ಟೆಯಿಂದ ಜೇನು ಇಳಿಯುತ್ತಿತ್ತು,
ಹಗ್ಗದಷ್ಟು ದಪ್ಪ, ಸದ್ದಿಲ್ಲದೆ.
"ಓ ಕರೆಂಟು ಬಿದ್ದಯ್ಯ!
ಕೋಳಿ ಕದಿಯಲು ಬಂದವನ ಹಾಗೆ ಅಲ್ಲೇ ಯಾಕೆ?
ಅದೇನು ತಿರುಪುತ್ತಾ ಇದ್ದೀಯ, ನಲ್ಲಿಯೇ?
ಕಾಲಿಲ್ಲವೇ ನಿನಗೆ?"

ದಾಟಿದೆ.
ಒಂದೊಂದು ಹೆಜ್ಜೆಗೂ ಲೆನ್ಸು ಒಳಗೆ ಸರಿಯಿತು,
ಗಾಜಿನೊಳಗೆ ಬೆಳಕು ಅಗಲವಾಯಿತು.
ಅವರ ಗಲ್ಲದ ಮೇಲೆ ಹಳೆಯ ಕಡಿತದ ಗುರುತು,
ಕಿವಿಯ ಹಿಂದೆ ಸಿಕ್ಕಿಸಿದ ಪೆನ್ನು,
ಮುಖಕ್ಕಿಂತ ಮೊದಲು ಬಂದ ನಗು.
ಕ್ಲಿಕ್ಕಿಸಿದೆ.
ಫೋಕಸ್ಸು ಹೋಗಿ ಕೂತದ್ದು
ಬಾಟಲಿಯ ಬಾಯಿಯ ಮೇಲಿನ ಹುಳದ ಮೇಲೆ.

"ಎಲ್ಲಿ, ಕೊಡು" ಎಂದು ಜೇನುಗೈಯಲ್ಲೇ ಕಸಿದು
ಹಿಂದೆ ಮುಂದೆ ತಿರುಗಿಸಿ ನೋಡಿದರು.
"ಎಷ್ಟು ಬಂತು?"
ನಾನು ಉಂಗುರ ನೋಡಿದೆ.
"ಐವತ್ತು."
"ಐವತ್ತೇ? ಹೋದ ತಿಂಗಳು ಎಂಬತ್ತೆರಡಿತ್ತು!"
ಅಷ್ಟು ಸಂತೋಷದ ಮುಖಕ್ಕೆ
ಗೋಡೆಯ ಮೀಟರನ್ನು ಇನ್ನೂ ನೋಡಿಲ್ಲವೆಂದು
ಹೇಗೆ ಹೇಳುವುದು.

ಈಗ ಬಗ್ಗಿಸಿದರೂ ಲೆನ್ಸು ಜಾರುವುದಿಲ್ಲ.
ರಬ್ಬರ್ ಬ್ಯಾಂಡು ಬಿಚ್ಚಿಟ್ಟಿದ್ದೇನೆ.
ಒರೆಸಬೇಕು, ಗೊತ್ತು, ಹಂಸಾಕ್ಕ ಬೈಯುತ್ತಾರೆ.
ಬೆಳಿಗ್ಗೆ ನೋಡಿದರೆ ಡಬ್ಬದೊಳಗೆ
ಎರಡು ಇರುವೆ,
ಐವತ್ತರ ಸೊನ್ನೆಯ ಸುತ್ತ.