ಬೀಳು

ಅವರ ಊರಲ್ಲಿ ಹದಿನೆಂಟು ತುಂಬಿದ ಮೇಲೆ
ಒಂದು ವರ್ಷ ಖಾಲಿ ಬಿಡುತ್ತಾರಂತೆ,
ಬೇಕೆಂದೇ. ಅದಕ್ಕೊಂದು ಸಂಸ್ಥೆ, ಅರ್ಜಿ,
ನೆಂಟರೆಲ್ಲ ಸೇರಿ ಬೀಳ್ಕೊಡುಗೆ.
ನಮ್ಮ ಇಟ್ಟಿಗೆಗೂಡಿನಲ್ಲಿ ಅದಕ್ಕೆ
ಫೇಲು ಅನ್ನುತ್ತಾರೆ.

ಲೆಕ್ಕದಲ್ಲಿ ಹತ್ತೊಂಬತ್ತು ತೆಗೆದು ನಾನು ಮನೆಯಲ್ಲಿ ಕೂತ ವರ್ಷ
ಗೌರಿಹಬ್ಬದ ಹಿಂದಿನ ವಾರ
ಮಹಡಿಯ ಕೋಣೆಗೆ ಬಂದಳು ಯಾಯೆಲ್,
ಲೀಡ್ಸಿನ ಯಹೂದಿ ಹುಡುಗಿ,
ಕ್ಯಾತಮಾರನಹಳ್ಳಿಯ ಮಕ್ಕಳಿಗೆ ಇಂಗ್ಲಿಷು ಕಲಿಸಲು.
ಬೆನ್ನ ಮೇಲೆ ಅವಳಷ್ಟೇ ಎತ್ತರದ ಚೀಲ,
ಕೈಯಲ್ಲಿ ಅವಳದೇ ಬಾಣಲೆ.
ಎರಡನೇ ದಿನಕ್ಕೇ ಅಮ್ಮನ ಬಾಯಲ್ಲಿ
ಎಲ್ಲಮ್ಮನಾದಳು.

ಎದುರುಮನೆ ಸಣ್ಣತಾಯಮ್ಮ ಕೇಳಿದಳು,
'ಯಹೂದಿ ಅಂದ್ರೆ ಏನವ್ವ, ಯಾವ ಪೈಕಿ?'
ನನಗೂ ಗೊತ್ತಿರಲಿಲ್ಲ. 'ಮೊಟ್ಟೆ ತಿಂತಾಳೆ' ಅಂದೆ.
ಅವಳಿಗೆ ಅಷ್ಟು ಸಾಕಾಯಿತು.

ಶುಕ್ರವಾರ ಸಂಜೆ ಎರಡು ಮೇಣದಬತ್ತಿ.
ಅಲ್ಲಿಂದ ಶನಿವಾರ ಚುಕ್ಕಿ ಮೂಡುವ ತನಕ
ಸ್ವಿಚ್ಚು ಮುಟ್ಟಳು, ಫೋನು ಮುಟ್ಟಳು.
ಮರೆತು ದೀಪ ಉರಿಯುತ್ತಲೇ ಉಳಿದರೆ
ಆರಿಸಿ ಎಂದು ಕೇಳುವ ಹಾಗೂ ಇಲ್ಲ.
ಅಮ್ಮ ಯಾರೂ ಹೇಳದೆ ಮೆಟ್ಟಿಲು ಹತ್ತಿ
'ಕರೆಂಟು ಬಿಲ್ಲು ಕಟ್ಟೋಳು ನಾನು' ಎಂದು ಗೊಣಗಿ
ಟಕ್ ಅನ್ನಿಸಿ ಇಳಿಯುತ್ತಿದ್ದಳು.

ಇದೆಲ್ಲ ಮೊದಲು ಅರ್ಥವಾದದ್ದು ಅಪ್ಪನಿಗೆ,
ಝೂನಲ್ಲಿ ಇಪ್ಪತ್ತಾರು ವರ್ಷ ಹುಲಿಗೆ ಮಾಂಸ ಹಾಕಿದವನಿಗೆ.
'ಮಂಗಳವಾರ ನಮ್ಮಲ್ಲೂ ಗೇಟು ಬಂದ್.
ವಾರಕ್ಕೊಂದಿನ ಯಾರೂ ನೋಡ್ದೆ ಇದ್ರೇನೇ
ಅದು ಹುಲಿ ಥರ ಮಲಗೋದು.'

ಅವಳ ದೊಡ್ಡ ಉಪವಾಸ ಆ ವರ್ಷ ದಸರೆಯ ನಡುವೆ ಬಿತ್ತು.
ನೀರೂ ಇಲ್ಲ. ಬಿಳಿ ಬಟ್ಟೆ. ಚರ್ಮದ ಚಪ್ಪಲಿ ಮೂಲೆಗಿಟ್ಟು
ಕಾಲಿಗೆ ನನ್ನ ಹವಾಯಿ.
ಅರಮನೆಗೆ ಅಷ್ಟೂ ಬಲ್ಬು ಒಟ್ಟಿಗೇ ಹತ್ತಿ
ಊರು ಹೋ ಎಂದಾಗ
ನಾವಿಬ್ಬರೂ ತಾರಸಿಯ ಕತ್ತಲಲ್ಲಿದ್ದೆವು.
'ಅಂಥಾದ್ದೇನು ತಪ್ಪು ಮಾಡಿದೀಯಾ?' ಕೇಳಿದೆ.
ತಂಗಿಯ ಜೊತೆ ಮಾತು ಬಿಟ್ಟದ್ದು.
ಅಜ್ಜಿಯ ಫೋನು ಎತ್ತದೆ ಇದ್ದದ್ದು, ಮೂರು ಸಲ.
ನಾಳೆ ಬಣ್ಣದ ಪೆನ್ಸಿಲು ತರ್ತೀನಿ ಅಂತ
ಮೂರನೇ ಕ್ಲಾಸಿನ ಹುಡುಗನಿಗೆ ಹೇಳಿ ಮರೆತದ್ದು.
ನಾನು ನನ್ನದು ಹೇಳಲಿಲ್ಲ:
ರಿಸಲ್ಟು ಬಂದು ಎರಡು ದಿನ
ಇನ್ನೂ ಬಂದಿಲ್ಲ ಅಂತಲೇ ಇದ್ದೆ,
ಅಪ್ಪ ದಿನಾ ಕೇಳುತ್ತಿದ್ದ, ನಂಬುತ್ತಿದ್ದ.
ಅಷ್ಟರಲ್ಲಿ ಗೋಡೆಯಾಚೆ ಸಿಂಹ ಕೂಗಿತು.
ಅವಳು ಬೆಚ್ಚಿ ನನ್ನ ಕೈ ಹಿಡಿದಳು.
ನಮಗದು ಹಾಲಿನವನ ಬೆಲ್ಲಿನಷ್ಟೇ.

ಲೆಕ್ಕದ ಪುಸ್ತಕ ತೆರೆದು ಕೊಟ್ಟು ನಾನು ನೊಣ ಎಣಿಸುತ್ತಿದ್ದ
ಒಂದು ಮಧ್ಯಾಹ್ನ ಹೇಳಿದಳು:
ಅವರ ಗ್ರಂಥದಲ್ಲಿ ಏಳನೇ ವರ್ಷ ಹೊಲ ಉಳಬಾರದಂತೆ, ಬಿತ್ತಬಾರದಂತೆ.
ತಾನಾಗಿ ಹುಟ್ಟಿದ್ದು ಹಸಿದವರಿಗೆ, ದಾರಿಹೋಕರಿಗೆ,
ಕಾಡಿನಿಂದ ಇಳಿದು ಬಂದದ್ದಕ್ಕೆ.
'ಕನ್ನಡದಲ್ಲಿ ಏನಂತೀರಾ?'
ಮದ್ದೂರಿನ ಗದ್ದೆಬಯಲಲ್ಲಿ ಬೆಳೆದ ಅಮ್ಮ
ಅಕ್ಕಿಯ ಕಲ್ಲು ಆರಿಸುತ್ತ ತಲೆಯೆತ್ತದೆ ಅಂದಳು,
'ಬೀಳು.'
ಬೀಳು ಅಂದರೆ ಬೀಳುವುದೂ ಹೌದು, ನಾನು ಸೇರಿಸಿದೆ,
ಮೆಟ್ಟಿಲಿಂದ, ಮರದಿಂದ.
ಪರೀಕ್ಷೆ ಅನ್ನಲಿಲ್ಲ.
ಅವಳು ಪುಟ್ಟ ನೋಟುಬುಕ್ಕಿನಲ್ಲಿ ಒಂದೇ ಪದದ ಮುಂದೆ
ಎರಡು ಅರ್ಥ ಬರೆದುಕೊಂಡಳು.

ಯುಗಾದಿಗೆ ಮುಂಚೆ ಹೋದಳು. ಬಾಣಲೆ ಬಿಟ್ಟುಹೋದಳು.
ಅಮ್ಮ ಇವತ್ತಿಗೂ ಅದರಲ್ಲಿ
ಮೀನು ಹುರಿಯುವುದಿಲ್ಲ.

ಮೂವತ್ತೇಳು ಬಂತು ನನಗೆ ಎರಡನೇ ಸಲ, ಪಾಸಿಗೆ ಸಾಕು.
ಕಾಲೇಜಿನವರು ಗ್ಯಾಪ್ ಸರ್ಟಿಫಿಕೇಟು ಕೇಳಿದರು.
ಕೋರ್ಟಿನ ಮುಂದೆ ಹೊಂಗೆಮರದ ಕೆಳಗೆ
ಛಾಪಾಕಾಗದ ಸಿಕ್ಕಿಸಿಕೊಂಡ ಟೈಪಿನವನು
'ಆ ಒಂದು ವರ್ಷ ಏನ್ ಮಾಡ್ತಿದ್ದೆ?' ಅಂದ.
'ಬೀಳು ಬಿಟ್ಟಿದ್ದೆ ಸಾರ್.'
ಬಸ್ಸಿನ ಹಾರನ್ನಿಗೆ ಕೇಳಿಸಲಿಲ್ಲವೇನೋ.
ಅವನು ಎಲ್ಲರಿಗೂ ಹೊಡೆಯುವುದನ್ನೇ ಹೊಡೆದ:
ಸದರಿ ಅವಧಿಯಲ್ಲಿ ನಾನು
ಮನೆಯಲ್ಲಿಯೇ ಇದ್ದು
ಯಾವುದೇ ಕೆಲಸ ಮಾಡಿರುವುದಿಲ್ಲ.
ಓದಿ ನೋಡಿ
ರುಜು ಹಾಕಿದೆ.