ಹತ್ತು

ಬಿ.ಆರ್.ಪಿ. ಮೀನು ಸೊಸೈಟಿಯ ಸಿಮೆಂಟು ಕಟ್ಟೆಯ ಮೇಲೆ
ಸೀಮೆಸುಣ್ಣದಲ್ಲಿ ನಾಲ್ಕು ಸುತ್ತು ಬರೆದೆ.
ಆದಾಯ. ಮರಿಮೀನು. ಎಲ್ಲರಿಗೂ ಕೆಲಸ.
ನಾಲ್ಕನೆಯದರ ಹೆಸರಿಗೆ ತಡವರಿಸಿ, ‘ನೀರು’ ಅಂದೆ.

ತಲೆಗೆ ಹತ್ತು ಹುಣಸೆಬೀಜ.
ಯಾವುದಕ್ಕೆ ಎಷ್ಟು ತೂಕವೋ ಇಟ್ಟುಬಿಡಿ,
ಉಳಿದದ್ದು ಕಂಪ್ಯೂಟರ್ ಮಾಡುತ್ತದೆ.

ಗುತ್ತಿಗೆ ಹಿಡಿದ ದಾವಲಸಾಬರು ಎಂಟನ್ನು ಆದಾಯಕ್ಕೆ ಸುರಿದು
ಮಿಕ್ಕ ಎರಡನ್ನು ನನ್ನ ಮುಖ ನೋಡಿ ಮರಿಮೀನಿಗೆ ಇಟ್ಟರು.
ತೆಪ್ಪದ ಹುಡುಗರು ಗೋಲಿಯಾಟ ಶುರುಮಾಡಿದರು.

ಚೆಲ್ಲಮ್ಮ ಬಂದಳು. ಇಪ್ಪತ್ತಾರು ವರ್ಷ ತಕ್ಕಡಿ ಹಿಡಿದ ಕೈ.
ಎಣಿಸಲಿಲ್ಲ, ಅಂಗೈ ಕುಲುಕಿ ತೂಗಿದಳು:
“ಒಂದು ಟೊಳ್ಳು ಐತೆ ಸಾರ್,” ಎಂದು ಹಿನ್ನೀರಿಗೆ ಎಸೆದಳು.
(ನೀರಿಗೆ ಬಿದ್ದ ಬೀಜ ಅದೊಂದೇ, ಆ ದಿನವೆಲ್ಲ.)
ಒಂಬತ್ತನ್ನೂ ಮರಿಮೀನಿನ ಸುತ್ತಿನೊಳಗಿಟ್ಟಳು,
ಬೆರಳಲ್ಲಿ ಆದಾಯಕ್ಕೆ ತಳ್ಳಿದಳು, ಮತ್ತೆ ಎಳೆದಳು,
ಸುಣ್ಣದ ಗೆರೆ ಅಳಿಸಿಹೋಯಿತು.

“ಮೊದಲ ಮಳೆಗೆ ಹತ್ತುಮೀನು ಹೊಟ್ಟೆ ತುಂಬ ಮೊಟ್ಟೆ ಹೊತ್ಕೊಂಡು
ಹಳ್ಳ ಹತ್ತತಾವೆ. ಆಗ ಬಲೆ ಒಣಗಬೇಕು, ಸರಿ.
ಅದೇ ಜೂನಲ್ಲಿ ಮೊಮ್ಮಗಳ ಸ್ಕೂಲ್ ಫೀಜು.
ನಿಮ್ ಸುತ್ತಲ್ಲಿ ತಿಂಗಳು ಎಲ್ಲೈತೆ?”

ನನ್ನ ಹತ್ತಿರ ಅಂಥ ಸುತ್ತು ಇರಲಿಲ್ಲ.

ಸಂಜೆ ಶಿವಮೊಗ್ಗದ ಆಫೀಸಿನಲ್ಲಿ
ಅವಳ ಸಾಲಿಗೆ ಒಂಬತ್ತೇ ತುಂಬಿದೆ.
ಪರದೆ ಕೆಂಪಾಗಿ ಹಟ ಹಿಡಿಯಿತು:
ಹತ್ತು. ಹತ್ತು.
ಮೊಟ್ಟೆ ಹೊತ್ತ ಮೀನಿಗೆ
ಯಾರೋ ದಡದಿಂದ ಹೇಳುತ್ತಿರುವ ಹಾಗೆ.