ಆರು ಸೆಕೆಂಡು

ಕಾರ್ಖಾನೆಯ ಹಿಂದೆ, ಖಾಲಿ ಮೀನುಡಬ್ಬಗಳ ಪಕ್ಕ
ನಮ್ಮ ವ್ಯಾನು ನಿಂತಿದೆ.
ಬೆಳಿಗ್ಗೆ ಹತ್ತೂವರೆ. ಕತ್ತಲೆ.
ಫಿನ್‌ಮಾರ್ಕಿನ ಜನವರಿಯಲ್ಲಿ ಸೂರ್ಯನಿಗೂ ರಜೆ,
ಅವನಿಗೆ ಡಾಕ್ಟರ ಚೀಟಿ ಬೇಕಿಲ್ಲ.

ಒಳಗೆ ನಾನು, ಒಂದು ಹೀಟರು, ಒಂದು ಯಂತ್ರ,
ನಲವತ್ತು ರಟ್ಟಿನ ಕೊಳವೆ,
ಮೂಗಿಗೆ ಸಿಕ್ಕಿಸಲು ಕ್ಲಿಪ್ಪು.
ವರ್ಷಕ್ಕೊಮ್ಮೆ ಬಂದು ಇಲ್ಲಿನವರ ಉಸಿರನ್ನು
ಲೀಟರಿನಲ್ಲಿ ಅಳೆದು ಬರೆದುಕೊಳ್ಳುತ್ತೇನೆ,
ಡೇರಿಯಲ್ಲಿ ಹಾಲು ಅಳೆಯುವವಳ ಹಾಗೆ.

ಮೊದಲು ಟೆಕ್ಲೆ. ನಕ್ಕು ನಕ್ಕೇ
ಮೂರು ಸಲವೂ ಹಾಳುಮಾಡಿದ.
ಆಮೇಲೆ ಲಮ್ಯೈ. ಕೈಗವಸು ತೆಗೆದರೆ
ಬೆರಳ ಸಂದಿಯಲ್ಲಿ ಕೆಂಪು ಗಂದೆ.
"ನೀವು ಬಂದದ್ದು ಇದಕ್ಕಲ್ಲವಲ್ಲ" ಎಂದಳು.
ಇದಕ್ಕೂ, ಎಂದೆ.

ಹನ್ನೆರಡರ ಹೊತ್ತಿಗೆ ಸ್ಕೈಸ್ತೆ.
ಲಿಥುವೇನಿಯಾದವಳು. ಏಡಿ ಬೇಯಿಸುವ
ಮೂರನೇ ಕೊಳಗದ ಹಬೆಯಲ್ಲಿ ಏಳು ಚಳಿಗಾಲ.
ಕೆಮ್ಮು? ಇಲ್ಲ.
ಎದೆ ಬಿಗಿತ? ಇಲ್ಲ.
ನೆಗಡಿ ಅಷ್ಟೆ.
ಏಳು ವರ್ಷದ ನೆಗಡಿ!

ಉಸಿರೆತ್ತದೆ ದುಡಿದರೆ ಮಾತ್ರ
ಮುಂದಿನ ಸಲದ ಕರಾರು ಎಂದು
ಯಾರೋ ಕಿವಿಯೂದಿದ್ದಾರೆ ಅವಳಿಗೆ.
ನನ್ನ ಉದ್ಯೋಗವೋ, ಉಸಿರೆತ್ತಿಸುವುದು.

ಎಳಕೋ, ತುಂಬ ಎಳಕೋ, ಹ್ಞಾಂ ಈಗ ಊದು
ಊದು ಊದು ಊದು ಬಿಡಬೇಡ ಊದು
ಇನ್ನೂ ಇದೆ ಒಳಗೆ, ಇದೆ, ಇದೆ,
ಸಾಕು.

ಆರು ಸೆಕೆಂಡು.
ಪರದೆಯ ಮೇಲೆ ಗೆರೆ ಎದ್ದಿತು,
ಬೆಟ್ಟವಾಗಬೇಕಾದ್ದು ದಿಬ್ಬವಾಗಿ
ಆಚೆ ಮಗ್ಗುಲು ಸೌಟಿನಲ್ಲಿ ತೋಡಿದಂತೆ ತಗ್ಗಿತು.
ಅವಳ ಕಣ್ಣಲ್ಲಿ ನೀರು. ಊದಿದವರಿಗೆಲ್ಲ ಬರುವ ನೀರು,
ಅದನ್ನು ನಾನು ಬರೆದುಕೊಳ್ಳುವುದಿಲ್ಲ.

"ಭಾನುವಾರ ಹೇಗಿರುತ್ತೆ?"
ಈ ಪ್ರಶ್ನೆಗೆ ಉತ್ತರ ತಯಾರಿರಲಿಲ್ಲ ಅವಳಲ್ಲಿ.
"ಭಾನುವಾರ ಹಾಡ್ತೇವೆ," ಎಂದಳು,
"ಅಡುಗೆಮನೆಯಲ್ಲಿ, ಆರು ಜನ. ನಾನೇ ಮೇಲಿನ ಸ್ವರ."
"ಸೋಮವಾರ?"
ಬೂಟಿನೊಳಗೆ ಕೈಹಾಕಿ ನೀಲಿ ಇನ್‌ಹೇಲರ್ ತೆಗೆದಳು,
ಕದ್ದ ಮಾಲು ಒಪ್ಪಿಸುವವಳಂತೆ ಮೇಜಿನ ಮೇಲಿಟ್ಟಳು.

ಮೂರಕ್ಕೆ ಹಿಮ ಕೊಡವುತ್ತ ಯಜಮಾನ ಓಡ್ವಾರ್.
ಕೆಟ್ಟವನಲ್ಲ. ನನ್ನನ್ನು ಕರೆಸುವ ಖರ್ಚು ಅವನದೇ;
ಕಾನೂನು ಕರೆಸುತ್ತದೆ, ಸರಿ, ಆದರೂ
ಕಾಫಿಯನ್ನು ಕಾನೂನು ಕಳಿಸುವುದಿಲ್ಲ.
"ಯಾರ್ಯಾರು?" ಎಂದ.
ಯಾರು ಅಂತ ಹೇಳಲಾರೆ. ಎಲ್ಲಿ ಅಂತ ಹೇಳುತ್ತೇನೆ.
ಮೂರನೇ ಕೊಳಗ. ಅದರ ನೆತ್ತಿಯ ಮೇಲೆ
ಹಬೆ ಹೀರುವ ಚಿಮಣಿ ಬೇಕು.
ಅವನು ಕಣ್ಣು ಮುಚ್ಚಿ ಕ್ರೋನರ್ ಎಣಿಸಿದ.
ಈ ವರ್ಷ ಏಡಿಯ ರೇಟು ಎಷ್ಟು ಗೊತ್ತೇನು, ಎಂದ.
ಗೊತ್ತಿರಲಿಲ್ಲ.

ಒಂದು ಕೊಳವೆ ಉಳಿದಿತ್ತು. ಕೊಟ್ಟೆ.
ಯಾಕೆ ಕೊಟ್ಟೆನೋ. ಹಟವೂ ಇತ್ತು.
ನಾಲ್ಕನೇ ಸೆಕೆಂಡಿಗೇ ಕೆಮ್ಮಿ ಬಗ್ಗಿದ,
ಗೋಡೆ ಹಿಡಿದು, ಬಹಳ ಹೊತ್ತು.
"ಹದಿನಾಲ್ಕಕ್ಕೇ ನಮ್ಮಪ್ಪ ನನ್ನ ಅಲ್ಲಿ ನಿಲ್ಲಿಸಿದ್ದ,
ಅದೇ ಮೂಲೆ. ಆಗ ಏಡಿ ಎಲ್ಲಿತ್ತು, ಬರೀ ಸೀಗಡಿ."
ಚೀಟಿಯನ್ನು ನಾಲ್ಕು ಮಡಿಕೆ ಮಾಡಿದ.
"ಇದು ಯಾರಿಗೂ..."
ಇಲ್ಲ. ನಿಮ್ಮ ಹೆಸರೂ ಮೇಲೆ ಹೋಗುವುದಿಲ್ಲ.
"ನನಗೆ ಮೇಲೆ ಯಾರಿದ್ದಾರೆ ಮಾರಾಯ್ತಿ" ಎಂದ,
ನಕ್ಕ, ಮತ್ತೆ ಕೆಮ್ಮಿದ.

ವರದಿಯಲ್ಲಿ ಬರೆದಿದ್ದೇನೆ: ಚಿಮಣಿ, ತುರ್ತು.
ಲಮ್ಯೈಗೆ ಹತ್ತಿಯ ಒಳಗವಸು.
ಸ್ಕೈಸ್ತೆಗೆ ಟ್ರೋಮ್ಸೊ ಆಸ್ಪತ್ರೆಯ ವಿಳಾಸ, ಅವಳ ಕೈಯಲ್ಲೇ.
ಟೆಕ್ಲೆ ನಾಳೆ ಮತ್ತೊಮ್ಮೆ ಊದಬೇಕು;
ನಾಳೆ ನಾನು ಇಲ್ಲಿರುವುದಿಲ್ಲ.

ಹೀಟರು ಆರಿಸಿದೆ. ಕಸದ ಚೀಲಕ್ಕೆ ಗಂಟು ಹಾಕಿದೆ.
ನಲವತ್ತು ಕೊಳವೆ,
ಒಂದು ತುದಿ ಇನ್ನೂ ಒದ್ದೆ.